ಮೈ ಕೊಡವದ ಇನ್ನೂರ ನಲವತ್ತು ಜನ

ಮನುಷ್ಯನಿಗೂ ಯಂತ್ರಕ್ಕೂ ಪೈಪೋಟಿ ಬಿದ್ದರೆ ಗೆಲ್ಲುವವರು ಯಾರು ಎಂದು ಪಂಡಿತರು ದೊಡ್ಡ ದೊಡ್ಡ ಸಭೆಗಳಲ್ಲಿ ಚರ್ಚೆ ಮಾಡುತ್ತಾರಂತೆ. ಸಮೇತನಹಳ್ಳಿಯ ಹತ್ತಿರದ, ವೈರಿನ ಕಂತೆ ಕಟ್ಟುವ ಕಾರ್ಖಾನೆಯ ಗೇಟಿನಲ್ಲಿ ಆ ಪ್ರಶ್ನೆ ಒಂದು ಸೋಮವಾರ ಬೆಳಿಗ್ಗೆ ಯಾವ ಚರ್ಚೆಯೂ ಇಲ್ಲದೆ ಇತ್ಯರ್ಥವಾಯಿತು. ಇಪ್ಪತ್ತೆರಡು ವರ್ಷ ಆ ಗೇಟಿನ ಪಕ್ಕದ ಕಿಟಕಿಯಲ್ಲಿ ಕೂತು ಹಾಜರಿ ಪುಸ್ತಕ ಬರೆದ ಗಂಗಣ್ಣನ ಕಣ್ಣೆದುರಿಗೇ, ಅಂಗೈಯಗಲದ ಒಂದು ಡಬ್ಬಿಯನ್ನು ಗೋಡೆಗೆ ಸಿಕ್ಕಿಸಿ ಹೋದರು. ಕೆಲಸಗಾರರು ಅದಕ್ಕೆ ಮುಖ ತೋರಿಸಬೇಕು, ಅದು ‘ಥ್ಯಾಂಕ್ ಯೂ’ ಅನ್ನಬೇಕು, ಅಲ್ಲಿಗೆ ಹಾಜರಿಯಾಯಿತು.

ಗಂಗಣ್ಣ ತನ್ನ ಸರ್ವೀಸಿನಲ್ಲಿ ಯಾರಿಗೂ ಥ್ಯಾಂಕ್ ಯೂ ಅಂದವನಲ್ಲ. “ಯಾಕವ್ವಾ ಲೇಟು? ನಿಮ್ಮತ್ತೆಗೆ ಜ್ವರ ಬಿಡ್ಲಿಲ್ವಾ?” ಅನ್ನುತ್ತಿದ್ದ. “ಲೇ, ನಿನ್ನೆ ನಿಶ್ಚಿತಾರ್ಥ ಆಗಿ ಇವತ್ತೇ ಡ್ಯೂಟಿಗೆ ಬಂದ್ಬಿಟ್ಯಾ?” ಅನ್ನುತ್ತಿದ್ದ. ಇಷ್ಟೆಲ್ಲ ವಿಚಾರಿಸಿ ಒಬ್ಬರ ಹಾಜರಿ ಹಾಕುವಷ್ಟರಲ್ಲಿ ಹಿಂದೆ ಹದಿನೈದು ಜನ ನಿಂತಿರುತ್ತಿದ್ದರು. ಡಬ್ಬಿ ಮೂರು ಸೆಕೆಂಡಿಗೆ ಒಬ್ಬರನ್ನು ಒಳಗೆ ಬಿಡುತ್ತಿತ್ತು. ಹೀಗಾಗಿ ಗಂಗಣ್ಣನಿಗೆ ಉಳಿದ ಕೆಲಸವೆಂದರೆ ಡಬ್ಬಿಯ ಪಕ್ಕ ಕೂತು ಡಬ್ಬಿಯನ್ನು ನೋಡುವುದು, ಆಗಾಗ ಅದರ ಗಾಜು ಒರೆಸುವುದು.

ಒಂದು ತಿಂಗಳು ಒರೆಸಿದ ಮೇಲೆ ಮ್ಯಾನೇಜರ್ ರವಿಶಂಕರ್ ಕರೆಸಿದರು. ಅವರು ದೊಡ್ಡಬಳ್ಳಾಪುರದ ನೇಕಾರರ ಮನೆಯವರು. ಬೈಯುವುದಿದ್ದರೂ ಎಳೆ ಹರಿಯದಂತೆ ಬೈಯುವ ಜಾಣ್ಮೆ ರಕ್ತದಲ್ಲೇ ಇತ್ತು.

“ಗಂಗಣ್ಣ, ಹೆಡ್ ಆಫೀಸಿಂದ ಮೇಲ್ ಬಂದಿದೆ. ಕೆಲಸಗಾರರಿಗೆ ಸುಸ್ತು ಜಾಸ್ತಿ ಆಗಿದೆಯಂತೆ, ಮುಂದೇನೋ ಅನ್ನೋ ಭಯ ಜಾಸ್ತಿ ಆಗಿದೆಯಂತೆ. ಅದನ್ನ ಕಳೆಯೋದು ಹೆಂಗೆ ಅಂತ ಬೆಂಗಳೂರಲ್ಲಿ ಎರಡು ದಿನ ಟ್ರೈನಿಂಗು. ಒಬ್ಬರನ್ನ ಕಳಿಸಬೇಕು. ಯಾರು ಇಲ್ಲದಿದ್ರೂ ಕೆಲಸ ನಿಲ್ಲಲ್ಲ ಅಂತ ಯೋಚನೆ ಮಾಡ್ದೆ. ನೀವೇ ಹೊಳೆದ್ರಿ.”

“ದೊಡ್ಡ ಮಾತು ಸಾರ್,” ಎಂದ ಗಂಗಣ್ಣ.

“ಇನ್ನೊಂದು ವಿಷಯ. ಮುಚ್ಚಿಟ್ಟು ಏನು ಪ್ರಯೋಜನ? ಈ ಸ್ಕೀಮು ಮೂರು ತಿಂಗಳು ನಡೀಬೇಕು. ಹೆಡ್ ಆಫೀಸಿನವರಿಗೆ ಒಪ್ಪಿಗೆ ಆದ್ರೆ ನಿಮ್ಮ ಕೆಲಸ ಉಳಿಯುತ್ತೆ. ಇಲ್ಲಾಂದ್ರೆ...” ರವಿಶಂಕರ್ ಮಾತು ಮುಗಿಸದೆ ಕಿಟಕಿಯಾಚೆ ಗೇಟಿನ ಡಬ್ಬಿಯ ಕಡೆ ನೋಡಿದರು. ಗಂಗಣ್ಣನೂ ನೋಡಿದ. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು. ಅಂದು ಮನೆಗೆ ಹೋಗಿ ಹೆಂಡತಿ ಮುನಿವೆಂಕಟಮ್ಮನಿಗೆ ಟ್ರೈನಿಂಗಿನ ಸುದ್ದಿ ಮಾತ್ರ ಹೇಳಿದ. ಡಬ್ಬಿಯ ಸುದ್ದಿ ಹೇಳಲಿಲ್ಲ.

ಹೀಗೆ, ಎಲ್ಲರಿಗಿಂತ ಹೆಚ್ಚು ಭಯ ಬಿದ್ದಿದ್ದ ಮನುಷ್ಯ ಎಲ್ಲರ ಭಯ ಕಳೆಯುವ ವಿದ್ಯೆ ಕಲಿಯಲು ಹೊಸಕೋಟೆಯ ಬಸ್ಸು ಹತ್ತಿದ.

ಆ ವಿದ್ಯೆಯನ್ನು ತಣ್ಣಗಿನ ಏಸಿ ಹಾಲ್ ಒಂದರಲ್ಲಿ, ಕೂತರೆ ಸೊಂಟದವರೆಗೆ ಒಳಗೆಳೆದುಕೊಳ್ಳುವ ಕುರ್ಚಿಗಳಲ್ಲಿ ಕೂರಿಸಿ ಹೇಳಿಕೊಟ್ಟರು. ಅಂಥ ಕುರ್ಚಿಯನ್ನೂ ಗಂಗಣ್ಣನನ್ನೂ ಒಟ್ಟಿಗೆ ಇಟ್ಟದ್ದು ತರಬೇತಿಯವರ ತಪ್ಪು. ಎರಡು ದಿನವೂ ಅವನು ಗೊರಕೆ ಹೊರಗೆ ಕೇಳದಷ್ಟು ಮರ್ಯಾದೆಯಿಂದ ಮಲಗಿದ. ಎಚ್ಚರವಿದ್ದದ್ದು ಊಟದ ಹೊತ್ತಿನಲ್ಲಿ, ಮತ್ತೆ ಕೊನೆಯ ಅರ್ಧ ಗಂಟೆ. ಆಗ ಪಾಠ ಹೇಳುವಾತ ಎಲ್ಲರ ಮುಖಕ್ಕೂ ಘಮಘಮ ಎನ್ನುವ ನೀರನ್ನು ಸಿಂಪಡಿಸಿ, “ಎಲ್ಲರೂ ತಲೆಯಿಂದ ಕಾಲಿನವರೆಗೆ ಮೈ ಕೊಡವಿ! ಭಾರವೆಲ್ಲ ಉದುರಿಹೋಗಲಿ!” ಎಂದ. ಗಂಗಣ್ಣ ಎದ್ದು ಕೊಡವಿದ. ನಿಜವಾಗಿಯೂ ಹಗುರವಾಯಿತು. ಡಬ್ಬಿ ಬಂದಾಗಿನಿಂದ ಎದೆಯ ಮೇಲೆ ಕೂತಿದ್ದದ್ದೇನೋ ಅರ್ಧ ನಿಮಿಷ ಎದ್ದು ಹೊರಗೆ ಹೋದಂತಾಯಿತು. ‘ಇದು ವಿದ್ಯೆ ಅಂದ್ರೆ! ಇದನ್ನ ನಮ್ಮ ಹುಡುಗೀರಿಗೆಲ್ಲ ಮಾಡಿಸಬೇಕು’ ಎಂದು ಮನಸ್ಸಿನಲ್ಲೇ ಶಪಥ ಮಾಡಿದ. ಒಳ್ಳೆಯ ಮನಸ್ಸಿನ ಶಪಥದಷ್ಟು ಅಪಾಯದ ವಸ್ತು ಇನ್ನೊಂದಿಲ್ಲ.

ಬರುವಾಗ ಎದೆಯ ಮೇಲೆ ‘ಕ್ಷೇಮಾಧಿಕಾರಿ’ ಎಂಬ ಹಿತ್ತಾಳೆ ಬಣ್ಣದ ಬಿಲ್ಲೆ ಬಂತು. ಅದನ್ನು ಹಾಕಿಕೊಂಡೇ ಡೇರಿಗೆ ಹಾಲು ಹಾಕಿದ, ಹಾಕಿಕೊಂಡೇ ತಿಥಿಯ ಊಟಕ್ಕೆ ಹೋದ. ತಿಥಿಮನೆಯವರು ಯಾವುದೋ ಇಲಾಖೆಯವರೆಂದು ತಿಳಿದು ಎರಡನೇ ಸಲ ವಡೆ ಬಡಿಸಿದರು.

“ಅಲ್ಲಾ, ಹಸು ಕರೆಯೋವಾಗ್ಲಾದ್ರೂ ಅದನ್ನ ಬಿಚ್ಚಿಡಬಾರ್ದಾ?” ಎಂದಳು ಮುನಿವೆಂಕಟಮ್ಮ. “ಹಸು ಬೆದರಿ ಕಾಲು ಎತ್ತುತ್ತೆ.”

“ಅಧಿಕಾರಿ ಅಂದ್ರೆ ಹಸೂಗೂ ಗೊತ್ತಾಗುತ್ತೆ ಕಣೇ,” ಎಂದ ಗಂಗಣ್ಣ.

ಇನ್ನು ಘಮಘಮ ನೀರು. ಹೊಸಕೋಟೆಯ ನಾಲ್ಕು ಅಂಗಡಿ ಸುತ್ತಿದರೂ ಸಿಗಲಿಲ್ಲ. ಒಬ್ಬ ಕಾರಿಗೆ ಹೊಡೆಯುವ ಸೆಂಟು ತೋರಿಸಿದ, ಇನ್ನೊಬ್ಬ ಬಚ್ಚಲು ತೊಳೆಯುವುದನ್ನು ತೋರಿಸಿದ. ಬೇಸರದಿಂದ ಮನೆಗೆ ಬಂದ ಗಂಡನಿಗೆ ಮುನಿವೆಂಕಟಮ್ಮನೇ ದಾರಿ ಹೇಳಿದಳು: “ತಂಪಾಗ್ಬೇಕು ತಾನೇ? ಒಂದು ಚೊಂಬು ನೀರಿಗೆ ಚಿಟಿಕೆ ಅರಿಶಿನ ಹಾಕಿ, ಬೇವಿನಸೊಪ್ಪಲ್ಲಿ ಚಿಮುಕಿಸಿ. ಅದಕ್ಕಿಂತ ತಂಪು ಬೇರೆ ಏನಿದೆ?”

“ನೀನೂ ಟ್ರೈನಿಂಗಿಗೆ ಬರಬೇಕಿತ್ತು ಕಣೇ!” ಎಂದು ಗಂಗಣ್ಣ ಕುಣಿದಾಡಿಬಿಟ್ಟ.

ಈ ಕಡೆ ಕಾರ್ಖಾನೆಯಲ್ಲಿ ಬೇರೆಯದೇ ಗಾಳಿ ಬೀಸುತ್ತಿತ್ತು. ಎರಡನೇ ಲೈನಿನಲ್ಲಿ ಬೈರೇಶ್ ಎಂಬ ಕೆಲಸಗಾರನಿದ್ದ. ಅವನ ಕೈ ವೈರು ಕಟ್ಟುತ್ತಿದ್ದರೆ ಬಾಯಿ ಸುದ್ದಿ ಕಟ್ಟುತ್ತಿತ್ತು. “ಎರಡನೇ ಲೈನು ಪೂರ್ತಿ ಬೇರೆ ರಾಜ್ಯಕ್ಕೆ ಹೋಗುತ್ತಂತೆ ಗುರು. ಅರ್ಧ ಜನಕ್ಕೆ ಗೇಟು. ಲಿಸ್ಟ್ ಮಾಡ್ತಾ ಅವ್ರೆ” ಎಂದು ಅವನು ಹದಿನೈದು ದಿನದಿಂದ ಹೇಳುತ್ತಿದ್ದ. ಲಿಸ್ಟ್ ಮಾಡುವವರು ಯಾರೆಂಬುದು ಮಾತ್ರ ಅವನಿಗೂ ತಿಳಿದಿರಲಿಲ್ಲ. ಇಂಥ ಹೊತ್ತಿನಲ್ಲಿ ನೋಟೀಸು ಬೋರ್ಡಿನಲ್ಲಿ ಕಾಗದ ಕಾಣಿಸಿಕೊಂಡಿತು: ‘ಮೊದಲು ಎರಡನೇ ಲೈನಿನವರು, ಆಮೇಲೆ ಉಳಿದವರೆಲ್ಲ ಹನ್ನೆರಡು ಹನ್ನೆರಡು ಜನರಂತೆ ಕ್ಯಾಂಟೀನ್ ಹಿಂದಿನ ಕೋಣೆಗೆ ಬರತಕ್ಕದ್ದು. ಗಂಗಣ್ಣ, ಕ್ಷೇಮಾಧಿಕಾರಿ.’

ಮೊದಲ ಹನ್ನೆರಡು ಜನ ಬಂದರು. ಮುಂದೆ ಪಾಪಕ್ಕ. ಹದಿನೆಂಟು ವರ್ಷ ವೈರು ಕಟ್ಟಿದ ಕೈ, ಮ್ಯಾನೇಜರಿಗೂ ಎದುರು ಹೇಳುವ ಬಾಯಿ. ಅವಳ ಪಕ್ಕ ನಂದಗುಡಿ ಕಡೆಯಿಂದ ಬರುವ ಕೀರ್ತನ. ಹತ್ತು ತಿಂಗಳ ಮಗುವಿನ ತಾಯಿ. ಒಳಗೆ ಗಂಗಣ್ಣ ಬರಿಗಾಲಲ್ಲಿ ನಿಂತಿದ್ದ, ಏಕೆಂದರೆ ಟ್ರೈನಿಂಗಿನಲ್ಲಿ ಚಪ್ಪಲಿ ಬಿಡಿಸಿದ್ದರು. ಹೆಗಲ ಮೇಲೆ ಟವೆಲ್ಲಿತ್ತು, ಏಕೆಂದರೆ ಒದ್ದೆ ಮುಖ ಒರೆಸಬೇಕಲ್ಲ. ಎಡಗೈಯಲ್ಲಿ ಅರಿಶಿನದ ನೀರಿನ ಚೊಂಬು, ಬಲಗೈಯಲ್ಲಿ ಬೇವಿನಸೊಪ್ಪು. ಅವರು ಒಳಗೆ ಬಂದ ಕೂಡಲೇ ಬಾಗಿಲು ಹಾಕಿ, ಸಾಲಾಗಿ ನಿಲ್ಲಿಸಿ, ಟ್ರೈನಿಂಗಿನಲ್ಲಿ ಹೇಳಿದಂತೆ ಒಬ್ಬೊಬ್ಬರ ಮುಖವನ್ನೂ ಬಹಳ ಕರುಣೆಯಿಂದ ನೋಡಿದ. ಆಮೇಲೆ ಎಲ್ಲರ ತಲೆಯ ಮೇಲೂ ನೀರು ಚಿಮುಕಿಸಿದ.

“ಹೆದರ್ಬೇಡ್ರವ್ವಾ,” ಎಂದ ಮೃದುವಾಗಿ. “ಒಂದೇ ಒಂದ್ಸಲ ಜೋರಾಗಿ ಮೈ ಒದರಿಬಿಡಿ. ಎಲ್ಲಾ ಮುಗಿದೋಗುತ್ತೆ.”

ಹನ್ನೆರಡು ಜೊತೆ ಕಣ್ಣು ಬೇವಿನಸೊಪ್ಪಿನ ಮೇಲೆ ನೆಟ್ಟವು.

ಇಲ್ಲಿ ಓದುಗರಿಗೆ ಒಂದು ಮಾತು ಹೇಳಬೇಕು. ನಮ್ಮ ಸೀಮೆಯ ಊರಹಬ್ಬದಲ್ಲಿ ಗ್ರಾಮದೇವತೆ ಅಮ್ಮನಿಗೆ ಕುರಿಮರಿ ಬಲಿ ಕೊಡುವಾಗ ಹಾಗೇ ಕೊಡುವುದಿಲ್ಲ. ಮರಿಗೂ ಒಪ್ಪಿಗೆ ಇರಬೇಕು. ಪೂಜಾರಿ ಹೆಗಲಿಗೆ ಟವೆಲ್ ಹಾಕಿ, ಬರಿಗಾಲಲ್ಲಿ ಬಂದು, ಅರಿಶಿನದ ನೀರನ್ನು ಬೇವಿನಸೊಪ್ಪಿನಿಂದ ಅದರ ಮೈಮೇಲೆ ಚಿಮುಕಿಸುತ್ತಾನೆ. ಮರಿ ಮೈ ಕೊಡವಿದರೆ ಒಪ್ಪಿತೆಂದು ಅರ್ಥ. ಆಮೇಲೆ ಕತ್ತಿ. ಕೊಡವುವವರೆಗೂ ಎಷ್ಟು ಹೊತ್ತಾದರೂ ಊರೆಲ್ಲ ಕಾಯುತ್ತದೆ. ಗಂಗಣ್ಣ ಇದನ್ನು ಐವತ್ತು ವರ್ಷದಿಂದ ಮುಂದಿನ ಸಾಲಿನಲ್ಲಿ ನಿಂತು ನೋಡಿದವನು. ಆದರೆ ಅಧಿಕಾರಿಯ ಬಿಲ್ಲೆ ಎದೆಗೆ ಬಂದ ಮೇಲೆ ನೆನಪು ತಲೆಯಿಂದ ಹೊರಟುಹೋಗುವುದು ಎಲ್ಲ ಇಲಾಖೆಗಳಲ್ಲೂ ಇರುವುದೇ.

ಹನ್ನೆರಡು ಜನರೂ ಕಂಬದಂತೆ ನಿಂತರು. ಪಾಪಕ್ಕನ ಮೂಗಿನ ತುದಿಯಲ್ಲಿ ಒಂದು ಹನಿ ತೂಗಾಡುತ್ತಿತ್ತು; ಅವಳು ಅದನ್ನೂ ಅಲುಗಿಸಲಿಲ್ಲ.

“ಯಾಕ್ರವ್ವಾ? ಒದರಿ. ಹಗುರ ಆಗುತ್ತೆ.”

“ನಮ್ಗೆ ಭಾರನೇ ಇಲ್ಲ ಕಣಣ್ಣಾ,” ಎಂದಳು ಪಾಪಕ್ಕ ತುಟಿ ಮಾತ್ರ ಆಡಿಸಿ.

“ಸುಸ್ತಾಗ್ತಾ ಇಲ್ವಾ?”

“ಸುಸ್ತಾ? ಅಂಗಂದ್ರೆ?”

“ಮುಂದೇನಪ್ಪಾ ಅಂತ ಭಯ?”

“ಅಯ್ಯೋ, ಭಯ ಯಾತಕ್ಕೆ? ನಾವು ಆರಾಮಾಗಿ ಅವ್ರೆ... ಅಲ್ಲ, ಅದೀವಿ.” ಗಾಬರಿಯಲ್ಲಿ ಪಾಪಕ್ಕನಿಗೆ ತಾನು ಯಾರೆಂಬುದೇ ತಪ್ಪಿಹೋಗಿತ್ತು.

ಗಂಗಣ್ಣ ಬೆರಗಾದ. ಫಾರಂ ತೆಗೆದು ಒಬ್ಬೊಬ್ಬರ ಹೆಸರಿನ ಎದುರಿಗೂ ‘ಸುಸ್ತು: ಸೊನ್ನೆ’ ಎಂದು ಬರೆದ. ಬರೆದದ್ದನ್ನು ಹನ್ನೆರಡು ಜನರೂ ನೋಡಿದರು.

ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಬೈರೇಶ್ ತೀರ್ಪು ಕೊಟ್ಟ: “ನಾನು ಹೇಳ್ಲಿಲ್ವಾ? ಲಿಸ್ಟ್ ಮಾಡ್ತಿರೋದು ಬೇರೆ ಯಾರೂ ಅಲ್ಲ, ನಮ್ಮ ಗಂಗಣ್ಣನೇ. ಯಾರು ಮೈ ಒದರ್ತಾರೋ ಅವ್ರು ಒಪ್ಕೊಂಡಂಗೆ. ಒಪ್ಕೊಂಡ್ಮೇಲೆ ಲೇಬರ್ ಕೋರ್ಟಿಗೆ ಹೋದ್ರೂ ಕೇಸು ನಿಲ್ಲಲ್ಲ. ‘ನೀವೇ ಒದರಿದ್ದೀರಲ್ಲಾ’ ಅಂತಾರೆ.”

“ಥೂ, ಅವನು ಅಂಥೋನಲ್ಲ ಕಣೋ,” ಎಂದಳು ಪಾಪಕ್ಕ. “ನನ್ ಮಗಳ ಬಾಣಂತನದಲ್ಲಿ ನಮ್ ಹಸುಗಳು ಬತ್ತಿದ್ದಾಗ ಅವರ ಹಸುವಿನ ಹಾಲು ಕಳಿಸಿದೋನು.”

“ಪೂಜಾರೀನೂ ಒಳ್ಳೇವ್ನೇ ಕಣಕ್ಕಾ. ಆದ್ರೆ ಮರಿ ಉಳಿಯುತ್ತಾ?”

ಪಾಪಕ್ಕ ಅರ್ಧ ಊಟಕ್ಕೇ ತಟ್ಟೆ ಎತ್ತಿಕೊಂಡು ಎದ್ದಳು.

ಅಂದಿನಿಂದ ಆ ಕಾರ್ಖಾನೆಯಲ್ಲಿ ಮೈ ಕೊಡವುವುದಿರಲಿ, ಕೈ ತೊಳೆದ ಮೇಲೆ ನೀರು ಕೊಡವುವವರೂ ಇಲ್ಲವಾದರು. ಸೀನು ಬಂದರೆ ಓಡಿಹೋಗಿ ಸ್ಟೋರಿನೊಳಗೆ ಸೀನಿ ಬಂದರು. ಊಟವಾದ ಮೇಲೆ ವೈರಿನ ಸುರುಳಿಗೆ ಒರಗಿ ಹತ್ತು ನಿಮಿಷ ಕಣ್ಣು ಮುಚ್ಚುತ್ತಿದ್ದ ಸ್ಟೋರಿನ ಸೀನಪ್ಪ, ಈಗ ಗಂಗಣ್ಣ ಆ ಕಡೆ ಬಂದರೆ ಸಾಕು, ನಿಂತಲ್ಲೇ ಬಸ್ಕಿ ಹೊಡೆಯುತ್ತಿದ್ದ. ಅರವತ್ತರ ಹತ್ತಿರದ ಮಂಡಿ. ಪ್ರತಿ ಬಸ್ಕಿಗೂ ಲಟಕ್ ಎನ್ನುತ್ತಿತ್ತು. ಆಕಳಿಕೆ ಬಂದವರು ಅದನ್ನು ನುಂಗಿ ಕಣ್ಣಲ್ಲಿ ನೀರು ತಂದುಕೊಂಡರು. ಲೈನುಗಳು ಹಿಂದೆಂದೂ ಇಲ್ಲದಷ್ಟು ಚುರುಕಾದವು. ಗಂಗಣ್ಣನ ಫಾರಮ್ಮುಗಳಲ್ಲಿ ಸೊನ್ನೆಯ ಮೇಲೆ ಸೊನ್ನೆ ಬಿತ್ತು. ಇನ್ನೂರ ನಲವತ್ತು ಜನ, ಇನ್ನೂರ ನಲವತ್ತು ಸೊನ್ನೆ.

ರವಿಶಂಕರ್ ಅದನ್ನೆಲ್ಲ ಕೂಡಿಸಿ ಹೆಡ್ ಆಫೀಸಿಗೆ ಕಳಿಸಿದರು. ಅಲ್ಲಿಯವರು ದಂಗಾದರು. ಜಗತ್ತಿನಲ್ಲಿ ಸುಸ್ತು ಕಡಿಮೆಯಾದ ಕಾರ್ಖಾನೆಗಳಿವೆ. ಸುಸ್ತೇ ಇಲ್ಲದ ಕಾರ್ಖಾನೆಯನ್ನು ಯಾರೂ ಕಂಡಿರಲಿಲ್ಲ. ಸೋಮವಾರ ಗಾನವಿ ಮೇಡಂ ಖುದ್ದಾಗಿ ನೋಡಲು ಬರುತ್ತಾರೆಂದು ಉತ್ತರ ಬಂತು.

“ಗಂಗಣ್ಣ, ನಿಮ್ಮ ಕೆಲಸ ಉಳೀತು ಅಂತ್ಲೇ ತಿಳ್ಕೊಳ್ಳಿ,” ಎಂದರು ರವಿಶಂಕರ್.

ಅದರ ಹಿಂದಿನ ಭಾನುವಾರ ಗಂಗಣ್ಣನ ಮನೆಗೆ ಜನ ಬರತೊಡಗಿದರು. ಮೊದಲು ಒಬ್ಬ ಮುದುಕಿ ಬಂದು ತನ್ನ ಸೊಸೆಯನ್ನು ಹೊಗಳಿದಳು. “ನಮ್ಮ ಸೊಸೆ ಚಿನ್ನ ಕಣಪ್ಪಾ. ಸುಸ್ತು ಅಂತ ಒಂದಿನ ಅಂದೋಳಲ್ಲ. ನಿದ್ದೇನೇ ಮಾಡಲ್ಲ.” ಅತ್ತೆಯೊಬ್ಬಳು ಸೊಸೆಯನ್ನು ಪರರ ಮನೆಯಲ್ಲಿ ಕೂತು ಹೊಗಳುವುದನ್ನು ಮುನಿವೆಂಕಟಮ್ಮ ಅದೇ ಮೊದಲು ಕೇಳಿದ್ದು, ಅಡಿಗೆಮನೆಯಿಂದ ಎದ್ದು ಬಂದು ಮುಖ ನೋಡಿಕೊಂಡು ಹೋದಳು. ಆಮೇಲೆ ಪಾಪಕ್ಕ ಬಂದಳು. ಕಂಕುಳಲ್ಲಿ ನಾಟಿಕೋಳಿ, ಕೈಯಲ್ಲಿ ಒಂದು ಚೀಲ ಅವರೆಕಾಯಿ. ಕೋಳಿಯನ್ನು ಕಂಬಕ್ಕೆ ಕಟ್ಟಿ, ಮಾತಿಲ್ಲದೆ ಜಗಲಿಯ ಮೇಲಿದ್ದ ಐವತ್ತು ಕೆಜಿಯ ಬೂಸಾ ಮೂಟೆಯನ್ನು ಎತ್ತಿ ಹೆಗಲಿಗೇರಿಸಿ, ಅಂಗಳದಲ್ಲಿ ಮೂರು ಸುತ್ತು ಬಂದು, ಇದ್ದಲ್ಲೇ ಇಳಿಸಿದಳು.

“ನೋಡಿದ್ಯಾ ಅಣ್ಣಾ?” ಎಂದಳು ಏದುಸಿರು ಬಿಡದಿರಲು ಹೆಣಗುತ್ತ. “ಇನ್ನೂ ಹತ್ತು ವರ್ಷ ದುಡೀತೀನಿ. ನೆನಪಿರ್ಲಿ.”

ಅವಳು ಹೋದ ಮೇಲೆ ಮುನಿವೆಂಕಟಮ್ಮ ಗಂಡನ ಮುಂದೆ ಬಂದು ಕೂತಳು. “ಅಲ್ಲಾ, ನಿಮ್ದು ಈಗ ಏನ್ ಕೆಲಸ ಅಂದ್ರಿ?”

“ಜನಗಳ ಭಯ ಕಳೆಯೋದು.”

“ಮತ್ತೆ ಅವ್ರ್ಯಾಕೆ ಬರ್ತಾ ಬರ್ತಾ ನಡುಗ್ತಾರೆ?”

ಎರಡು ದಿನದ ಟ್ರೈನಿಂಗಿನಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿರಬಹುದು. ಗಂಗಣ್ಣ ಆಗ ಮಲಗಿದ್ದ.

ಸೋಮವಾರ ಹತ್ತು ಗಂಟೆಗೆ ಗಾನವಿ ಮೇಡಂ ಬಂದರು. ಇನ್ನೂ ಮೂವತ್ತು ದಾಟದ ಹೆಣ್ಣುಮಗಳು, ಕೈಯಲ್ಲಿ ನೋಟ್‌ಬುಕ್ಕು, ಮುಖದಲ್ಲಿ ನಗು. ಅಂಗಳದಲ್ಲಿ ಇನ್ನೂರ ನಲವತ್ತು ಜನರನ್ನೂ ಸಾಲಾಗಿ ನಿಲ್ಲಿಸಿದ್ದರು. ರವಿಶಂಕರ್ ಎರಡು ಮಾತಾಡಿ, “ಈಗ ನಮ್ಮ ಗಂಗಣ್ಣನವರು ಮಾಡಿ ತೋರಿಸ್ತಾರೆ” ಎಂದರು. ಗಂಗಣ್ಣ ಒಗೆದ ಬಿಳಿ ಪಂಚೆಯುಟ್ಟು, ಬಿಲ್ಲೆ ಹೊಳೆಯಿಸುತ್ತ, ಚೊಂಬು ಹಿಡಿದು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನೀರು ಚಿಮುಕಿಸಿಕೊಂಡು ಹೋದ. ಕತ್ತಿಯೊಂದು ಬಿಟ್ಟು ಉಳಿದದ್ದೆಲ್ಲ ಇತ್ತು.

“ಈಗ ಎಲ್ಲಾರೂ ಒದರಿ!”

ಒಂದು ತಲೆಯೂ ಅಲುಗಲಿಲ್ಲ. ರವಿಶಂಕರ್ ಹಲ್ಲು ಕಚ್ಚಿ “ಒದರ್ರೀ” ಎಂದರು. ಗಾನವಿ ಮೇಡಂ ನಗುತ್ತ ಚಪ್ಪಾಳೆ ತಟ್ಟಿ ಹುರಿದುಂಬಿಸಿದರು. ಅವರ ಚಪ್ಪಾಳೆಗೆ ಗೇಟಿನ ಮೇಲಿದ್ದ ಕಾಗೆ ಹಾರಿತೇ ಹೊರತು ಮತ್ತೇನೂ ಆಗಲಿಲ್ಲ. ಬಿಸಿಲು ಏರುತ್ತಿತ್ತು. ಗಂಗಣ್ಣ ಇನ್ನೊಂದು ಸುತ್ತು ಚಿಮುಕಿಸಿದ, ಮತ್ತೊಂದು ಸುತ್ತು ಚಿಮುಕಿಸಿದ. ಮೂರನೆಯ ಸುತ್ತಿನಲ್ಲಿ ಸಾಲಿನ ನಡುವಿನಿಂದ ಕೀರ್ತನ ಸ್ವಲ್ಪ ಮುಂದಕ್ಕೆ ಬಾಗಿದಳು, ಹಿಂದಕ್ಕೆ ವಾಲಿದಳು, ಆಮೇಲೆ ಮಂಡಿ ಮಡಚಿ ಕುಸಿದಳು. ಪಾಪಕ್ಕ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಬೈರೇಶ್ ಎಲ್ಲರಿಗಿಂತ ಮೊದಲು ಕೂಗಿದ: “ಒದರಿಲ್ಲ ಮೇಡಂ! ಅವಳು ಒದರಿಲ್ಲ! ಬಿದ್ದಿದ್ದಷ್ಟೇ! ದಯವಿಟ್ಟು ಬರ್ಕೋಬೇಡಿ!”

“ಹೌದು, ಬಿದ್ದಿದ್ದಷ್ಟೇ! ನಾವೆಲ್ಲಾ ನೋಡಿದೀವಿ!” ಎಂದು ಸಾಲೆಲ್ಲ ಸಾಕ್ಷಿ ಹೇಳಿತು.

ಕೀರ್ತನಳೇ ಕಣ್ಣು ಬಿಟ್ಟು, ಮೊದಲ ಮಾತಾಗಿ, “ನಾನು ಒದರಿಲ್ಲ ಅಕ್ಕಾ,” ಎಂದಳು.

ಗಾನವಿ ಮೇಡಂ ನೋಟ್‌ಬುಕ್ಕು ಕೆಳಗಿಟ್ಟು ಓಡಿಬಂದು ನೀರು ಕುಡಿಸಿದರು. “ಏನು ಒದರೋದು? ಏನು ಬರ್ಕೋಳೋದು? ನನಗೊಂದೂ ಅರ್ಥ ಆಗ್ತಿಲ್ಲ.”

ಪಾಪಕ್ಕನ ಹದಿನೈದು ದಿನದ ಮೌನ ಅಲ್ಲಿಗೆ ಒಡೆಯಿತು. “ಅರ್ಥ ಆಗಕ್ಕೇನಿದೆ ತಾಯೀ? ಮರಿಗೆ ನೀರು ಚಿಮುಕಿಸೋದು ಯಾತಕ್ಕೆ ಅಂತ ನಮ್ಗೆ ಗೊತ್ತಿಲ್ವಾ? ಒದರಿದ್ರೆ ಕಡೀತೀರ. ಒದರದಿದ್ರೆ ನಾಳೆ ಮತ್ತೆ ಚಿಮುಕಿಸ್ತೀರ. ಕೆಲಸದಿಂದ ತೆಗೆಯೋದಾದ್ರೆ ನೇರವಾಗಿ ತೆಗೀರಿ. ನಮ್ ಕೈಲೇ ಯಾಕೆ ಒಪ್ಪಿಗೆ ಕೇಳ್ತೀರಾ?”

ಗಂಗಣ್ಣ ಮೊದಲು ಪಾಪಕ್ಕನನ್ನು ನೋಡಿದ. ಆಮೇಲೆ ಕೈಯ ಬೇವಿನಸೊಪ್ಪನ್ನು ನೋಡಿದ, ಚೊಂಬನ್ನು ನೋಡಿದ, ಹೆಗಲ ಮೇಲಿನ ಟವೆಲ್ಲನ್ನು ಮುಟ್ಟಿ ನೋಡಿದ, ಬರಿಗಾಲನ್ನು ನೋಡಿದ. ಐವತ್ತು ವರ್ಷದ ಊರಹಬ್ಬಗಳೆಲ್ಲ ಒಟ್ಟಿಗೆ ನೆನಪಾದವು.

“ಅಯ್ಯೋ ಶಿವನೇ,” ಎಂದ.

ಇಲ್ಲಿ ಬೇರೆ ಯಾರೇ ಅಧಿಕಾರಿಯಾಗಿದ್ದರೂ ಒಂದು ಸ್ಪಷ್ಟನೆ ಕೊಟ್ಟು, ತಪ್ಪನ್ನು ಕೇಳಿದವರ ತಲೆಗೆ ಕಟ್ಟಿ ಪಾರಾಗುತ್ತಿದ್ದರು. ನಾಲ್ಕು ವರ್ಷದ ಕೆಲಸ ಇನ್ನೇನು ಕೈಗೆ ಸಿಕ್ಕಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಗಂಗಣ್ಣ ಹಾಗೆ ಮಾಡಲಿಲ್ಲ. ಸೊಪ್ಪನ್ನು ನೆಲಕ್ಕೆ ಹಾಕಿ, ಚೊಂಬಿನಲ್ಲಿ ಉಳಿದಿದ್ದ ನೀರನ್ನು ಪೂರ್ತಿ ತನ್ನ ತಲೆಯ ಮೇಲೇ ಸುರಿದುಕೊಂಡು, ಅಂಗಳದ ನಡುವೆ ನಿಂತು, ತಲೆಯಿಂದ ಕಾಲಿನವರೆಗೆ ಕೊಡವಿದ. ಬಿಲ್ಲೆ ಕಿತ್ತು ದೂರ ಬಿತ್ತು.

“ನೋಡಿ, ನಾನು ಒದರ್ದೆ,” ಎಂದ. “ಲಿಸ್ಟ್ ಅನ್ನೋದೊಂದಿದ್ರೆ ಅದ್ರಲ್ಲಿ ಮೊದಲ್ನೇ ಹೆಸ್ರು ನಂದೇ ಕಣ್ರವ್ವಾ. ಬೇರೆಯವ್ರ ಹೆಸ್ರು ಇದ್ಯೋ ಇಲ್ವೋ, ನಮ್ಮಪ್ಪನಾಣೆ ನಂಗೊತ್ತಿಲ್ಲ. ಆ ಡಬ್ಬಿ ಬಂದ ದಿನದಿಂದ ನಂಗೂ ನಿದ್ದೆ ಇಲ್ಲ. ಮೇಡಂ, ಆ ಸೊನ್ನೆಗಳೆಲ್ಲಾ ಸುಳ್ಳು. ಬರೆದೋನು ನಾನೇ. ನಿಜ ಹೇಳ್ತೀನಿ, ಬರ್ಕೊಳ್ಳಿ.”

ಕಣ್ಣು ಮುಚ್ಚಿಕೊಂಡ. ಇಪ್ಪತ್ತೆರಡು ವರ್ಷದ ಹಾಜರಿ ಪುಸ್ತಕ ಬಾಯಿಯಲ್ಲಿ ತೆರೆದುಕೊಂಡಿತು.

“ಪಾಪಕ್ಕ. ನಾಲ್ಕೂವರೆಗೆ ಏಳ್ತಾಳೆ, ಎರಡು ಹಸು ಕರೀತಾಳೆ, ಡೇರಿಗೆ ಹಾಕಿ ಬರ್ತಾಳೆ. ಎಂಟು ಗಂಟೆ ನಿಂತು ಕೆಲಸ, ಕಾಲು ಬಾವು. ಕೀರ್ತನ. ಮಗೂಗೆ ಹಲ್ಲು ಬರ್ತಾ ಇದೆ, ರಾತ್ರಿಯೆಲ್ಲಾ ಎತ್ಕೊಂಡೇ ಓಡಾಡ್ತಾಳೆ. ಬೆಳಿಗ್ಗೆ ಬಸ್ಸಿಗೆ ಕ್ರಾಸಲ್ಲಿ ಮುಕ್ಕಾಲು ಗಂಟೆ ಕಾಯ್ತಾಳೆ. ಸೀನಪ್ಪ. ಮಂಡಿ ಸವೆದಿದೆ, ಹತ್ತು ನಿಮಿಷ ಮಲಗಿದ್ರೆ ಸಂಜೆವರೆಗೂ ಓಡ್ತಾನೆ, ಈಗ ಪಾಪ ಬಸ್ಕಿ ಹೊಡೀತಾವ್ನೆ. ಬೈರೇಶ. ತಮ್ಮನ ಫೀಜು ಇವನೇ ಕಟ್ಟೋದು. ಭಯ ಜಾಸ್ತಿಯಾದ್ರೆ ಬಾಯಿ ಜಾಸ್ತಿ ಆಗುತ್ತೆ, ಮನುಷ್ಯ ಕೆಟ್ಟೋನಲ್ಲ...”

ಹೀಗೆ ಒಬ್ಬೊಬ್ಬರ ಹೆಸರೂ ಬಂತು. ತಮ್ಮ ಹೆಸರು ಬಂದಾಗ ಕೆಲವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಗಾನವಿ ಮೇಡಂ ಬರೆದುಕೊಳ್ಳುತ್ತಲೇ ಇದ್ದರು. ಪುಟ ಮುಗಿದು ಇನ್ನೊಂದು ಪುಟ ತಿರುವಿದರು. ಡಬ್ಬಿಗೆ ಇನ್ನೂರ ನಲವತ್ತು ಮುಖ ಗೊತ್ತಿತ್ತು. ಈ ಮನುಷ್ಯನಿಗೆ ಇನ್ನೂರ ನಲವತ್ತು ಮನೆ ಗೊತ್ತಿತ್ತು. ನಾನು ಅವನನ್ನು ಇಷ್ಟು ಹೊತ್ತು ಗೇಲಿ ಮಾಡಿದ್ದೇನೆ, ಮುಂದೆಯೂ ಮಾಡುತ್ತೇನೆ. ಆದರೆ ಆ ಅಂಗಳದಲ್ಲಿ ಅವನ ಎದುರು ನಿಂತಿದ್ದರೆ ಕೈ ಮುಗಿಯುತ್ತಿದ್ದೆ.

ಐವತ್ತನೆಯ ಹೆಸರಿಗೋ ಏನೋ ಪಾಪಕ್ಕ ತಡೆದಳು. “ಸಾಕು ಬಿಡಣ್ಣಾ. ಹಿಂಗೇ ಹೇಳ್ತಿದ್ರೆ ಊಟದ ಬೆಲ್ಲು ಆಗೋಗುತ್ತೆ.” ನೆಲದ ಮೇಲಿದ್ದ ಬೇವಿನಸೊಪ್ಪನ್ನು ತೆಗೆದುಕೊಂಡು, ನಲ್ಲಿಯಲ್ಲಿ ಅದ್ದಿ, ನೇರವಾಗಿ ರವಿಶಂಕರ್ ಮುಂದೆ ಹೋಗಿ ನಿಂತಳು. “ಸಾರ್, ನೀವೂ ಒಂದ್ಸಲ.”

ಚಿಮುಕಿಸಿಯೇಬಿಟ್ಟಳು. ಮ್ಯಾನೇಜರೂ ಕೊಡವಿದರು. ಕನ್ನಡಕ ಹಾರಿ ಬೈರೇಶನ ಕೈಗೆ ಬಿತ್ತು. “ನನಗೂ ಏನೂ ಗೊತ್ತಿಲ್ಲಮ್ಮ,” ಎಂದರು ಬರಿಗಣ್ಣಲ್ಲಿ. “ಎರಡನೇ ಲೈನು ಹೋದ್ರೆ ನಾನೂ ಹೋಗ್ತೀನಿ.”

ಗಾನವಿ ಮೇಡಂ ತಾವಾಗಿಯೇ ತಲೆ ಬಗ್ಗಿಸಿದರು. ಪಾಪಕ್ಕ ಅವರಿಗೆ ಸ್ವಲ್ಪ ಮೆತ್ತಗೆ ಚಿಮುಕಿಸಿದಳು. ಅವರು ಕೊಡವಿ, ಕೂದಲು ಹಿಂದಕ್ಕೆ ಸರಿಸಿ ಹೇಳಿದರು: “ನನಗೆ ಗೊತ್ತಿರೋದನ್ನ ಹೇಳ್ತೀನಿ. ಲಿಸ್ಟ್ ಇಲ್ಲ. ಎರಡನೇ ಲೈನಿನ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಬರೋ ಹದಿನೈದಕ್ಕೆ ಮೀಟಿಂಗ್ ಇದೆ. ಹದಿನಾರಕ್ಕೆ, ಸುದ್ದಿ ಒಳ್ಳೇದಿರ್ಲಿ ಕೆಟ್ಟದ್ದಿರ್ಲಿ, ನಾನೇ ಗಂಗಣ್ಣನವರಿಗೆ ಫೋನ್ ಮಾಡಿ ಹೇಳ್ತೀನಿ.”

ಲೈನಿನ ಸುದ್ದಿ ಹುಟ್ಟಿದ ಒಂದು ತಿಂಗಳಿಂದ ಅವರಿಗೆ ಯಾರೂ ಒಂದು ತಾರೀಖು ಹೇಳಿರಲಿಲ್ಲ. ಮೊದಲು ಪಾಪಕ್ಕ ಕೊಡವಿದಳು. ಅವಳ ಹಿಂದೆ ಸಾಲಿಗೆ ಸಾಲೇ ಕೊಡವಿತು. ಹದಿನೈದು ದಿನದಿಂದ ಹಿಡಿದಿಟ್ಟಿದ್ದ ಸೀನು, ಕೆಮ್ಮು, ಆಕಳಿಕೆಗಳೆಲ್ಲ ಒಟ್ಟಿಗೆ ಹೊರಬಿದ್ದವು. ಗೇಟಿನ ಡಬ್ಬಿ ಈ ಗಲಾಟೆಯನ್ನು ಏನೆಂದು ತಿಳಿಯಿತೋ, ಯಾರೂ ಮುಖ ತೋರಿಸದೆಯೇ ಮೂರು ಸಲ ಥ್ಯಾಂಕ್ ಯೂ ಅಂದಿತು.

ಸಂಜೆ ಗಂಗಣ್ಣ ಕೋಳಿಯನ್ನು ಪಾಪಕ್ಕನಿಗೆ ಹಿಂದಿರುಗಿಸಿ ಬಂದು, ಹೆಂಡತಿಗೆ ಡಬ್ಬಿಯ ವಿಷಯ ಹೇಳಿದ. ಮುನಿವೆಂಕಟಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. “ನಂಗೊತ್ತಿತ್ತು ಬಿಡಿ. ಎರಡು ತಿಂಗಳಿಂದ ಹಾಸಿಗೇಲಿ ಹೊರಳಾಡ್ತಿದ್ರಲ್ಲಾ. ನೀವಾಗೇ ಹೇಳ್ಲಿ ಅಂತ ಸುಮ್ಕಿದ್ದೆ.”

ಮರುದಿನದಿಂದ ಗೇಟಿನಲ್ಲಿ ಒಂದು ಕಪ್ಪು ಹಲಗೆ ಬಂತು. ಬೆಳಿಗ್ಗೆ ಬಸ್ಸು ಬರುವ ಮೊದಲು ಗಂಗಣ್ಣ ಅದರಲ್ಲಿ ಸೀಮೆಸುಣ್ಣದಿಂದ ಬರೆಯುತ್ತಿದ್ದ. ಎಡಕ್ಕೆ ‘ಗೊತ್ತಿರೋದು’, ಬಲಕ್ಕೆ ‘ಗೊತ್ತಿಲ್ಲದ್ದು’. ‘ಊಟಕ್ಕೆ ಮುದ್ದೆ, ಬಸ್ಸಾರು’ ಎಡಕ್ಕೆ. ‘ಎರಡನೇ ಲೈನು’ ಬಲಕ್ಕೆ, ಪಕ್ಕದಲ್ಲಿ ‘ಹದಿನಾರಕ್ಕೆ ತಿಳಿಯುತ್ತೆ’. ಬಲಗಡೆಯ ಕೊನೆಯ ಸಾಲು ಯಾವಾಗಲೂ ಒಂದೇ: ‘ಗಂಗಣ್ಣನ ಕೆಲಸ’. ಜನ ಹಲಗೆ ಓದಿ, ಗಂಗಣ್ಣನ ಹತ್ತಿರ ಎರಡು ಮಾತಾಡಿ, ಆಮೇಲೆ ಡಬ್ಬಿಗೆ ಮುಖ ತೋರಿಸುತ್ತಿದ್ದರು. ಹಿಂದೆ ಹದಿನೈದು ಜನ ನಿಲ್ಲುವುದು ಮತ್ತೆ ಶುರುವಾಯಿತು.

ಹದಿನಾರಕ್ಕೆ ಫೋನ್ ಬಂತು: ಎರಡನೇ ಲೈನು ಒಂದು ವರ್ಷ ಇಲ್ಲೇ ಇರುತ್ತದೆ, ಆಮೇಲಿನದು ತಿಳಿಯದು. ಗಂಗಣ್ಣ ವರ್ಷವನ್ನು ಎಡಕ್ಕೆ ಬರೆದ, ಆಮೇಲಿನದನ್ನು ಬಲಕ್ಕೆ ಬರೆದ. ಅಷ್ಟಕ್ಕೇ ಬೈರೇಶ್ ಎರಡು ದಿನ ಸುದ್ದಿಯಿಲ್ಲದೆ ಇದ್ದ. ನಂದಗುಡಿ ಬಸ್ಸಿನ ಹೊತ್ತು ಬದಲಾಯಿತು. ನಿಂತು ಮಾಡುವ ಕೆಲಸಕ್ಕೆ ಸ್ಟೂಲು ಬಂದವು. ಸೀನಪ್ಪ ತನ್ನ ಸುರುಳಿಗೆ ಹಿಂದಿರುಗಿದ. ಸುಸ್ತೇನೂ ಸೊನ್ನೆಯಾಗಲಿಲ್ಲ, ಆದರೆ ಈಗ ಜನ ಬಾಯಿ ತುಂಬ ಆಕಳಿಸಿ, ‘ಇವತ್ತು ಆಗ್ತಿಲ್ಲ ಕಣಣ್ಣಾ’ ಎನ್ನುತ್ತಿದ್ದರು.

ತಿಂಗಳ ಮೇಲೆ ಗಂಗಣ್ಣನಿಗೆ ಒಂದು ಕಾಗದ ಬಂತು. ನಿವೃತ್ತಿಯವರೆಗೆ ಅವನ ಕೆಲಸ ಕಾಯಂ. ಅದರ ಜೊತೆಗೆ, ಅವನ ವಿಧಾನಕ್ಕೆ ಹೆಡ್ ಆಫೀಸು ‘ಲೀಫ್ ಆಂಡ್ ಶೇಕ್’ ಎಂದು ಹೆಸರಿಟ್ಟಿದೆ; ತಿಂಗಳಿಗೊಮ್ಮೆ ಬೆಂಗಳೂರಿಗೆ ಬಂದು, ಅದೇ ತಣ್ಣಗಿನ ಏಸಿ ಹಾಲ್‌ನಲ್ಲಿ ಎದ್ದು ನಿಂತು, ಬೇರೆ ಕಾರ್ಖಾನೆಯವರಿಗೆ ಪಾಠ ಹೇಳಬೇಕು. ಗಂಗಣ್ಣ ಅದನ್ನು ಎರಡು ಸಲ ಓದಿದ. ಹಲಗೆಯ ಹತ್ತಿರ ಹೋಗಿ, ಬಲಗಡೆಯ ಕೊನೆಯ ಸಾಲನ್ನು ಅಂಗೈಯಿಂದ ಒರೆಸಿ, ಎಡಕ್ಕೆ ಬರೆದ. ‘ಇನ್ನು ನಾನು ಪಾಠ ಹೇಳೋದಾ!’ ಎಂದುಕೊಂಡ. ನಲ್ಲಿಗೆ ಹೋಗಿ ಮುಖದ ಮೇಲೆ ತಣ್ಣೀರು ಹಾಕಿಕೊಂಡು, ಯಾರೂ ನೋಡುತ್ತಿಲ್ಲವೆಂದುಕೊಂಡು ತಲೆಯನ್ನು ಜೋರಾಗಿ ಕೊಡವಿದ.

ಹಿಂದಿನಿಂದ ಪಾಪಕ್ಕ ಕೇಳಿದಳು: “ಏನಣ್ಣಾ, ಒಪ್ಕೊಂಡ್ಯಾ?”